ಮಗು ಬೇಕು ಅನ್ಕೊಂಡ ದಿನದಿಂದಾನೇ ಫೋಲಿಕ್ ಆಸಿಡ್: ಹುಟ್ಟೋ ಮಗೂಗೆ ಬೆನ್ನುಹುರಿ ತೊಂದರೆ ಬರ್ದಂಗೆ ಏನ್ ಮಾಡ್ಬೇಕು

ನಮ್ದು ಮುಳಬಾಗಿಲು ಕಡೆ. ನಮ್ಮ ಚಿಕ್ಕಮ್ಮನ ಮಗಳಿಗೆ ಮೊದಲನೇ ಮಗು ಹುಟ್ಟಿದಾಗ ಅದರ ಸೊಂಟದ ಹತ್ರ ನಿಂಬೆಹಣ್ಣಿನ ಗಾತ್ರದ ಗಂಟಿತ್ತು, ಮೇಲೆ ಬರೀ ತೆಳ್ಳನೆ ಪೊರೆ, ಒಳಗೆ ನೀರು ತುಂಬ್ಕೊಂಡಿರೋದು ಕಾಣೋದು. ಮನೇಲಿ ಮೊದಲು ಎದ್ದ ಮಾತು ಏನು ಗೊತ್ತಾ, ಗ್ರಹಣದ ದಿನ ಈಳಿಗೆಮಣೆ ಮುಂದೆ ಕೂತಿದ್ಲು ಅದಕ್ಕೇ ಹಿಂಗಾಯ್ತು ಅಂತ. ಹಸಿ ಬಾಣಂತಿ ಗೋಡೆ ಕಡೆ ತಿರುಗಿ ಮಲಗ್ಬಿಟ್ಲು, ಎರಡು ದಿನ ಯಾರ ಹತ್ರನೂ ಮಾತಾಡ್ಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಮತ್ತೆ ಇದರಲ್ಲಿ ಬಹಳಷ್ಟನ್ನ ಫೋಲಿಕ್ ಆಸಿಡ್ ಅನ್ನೋ ಒಂದು ಸಣ್ಣ ವಿಟಮಿನ್ ಮಾತ್ರೆಯಿಂದ ತಡೀಬಹುದು, ಆದ್ರೆ ಆ ಮಾತ್ರೆ ಶುರು ಮಾಡೋ ಟೈಮ್ ನಾವೆಲ್ಲ ಅಂದ್ಕೊಂಡಿರೋ ಟೈಮ್ ಅಲ್ಲ.

ಮೊದಲು ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಹೊಟ್ಟೇಲಿ ಮಗು ಇನ್ನೂ ಎಳ್ಳುಕಾಳಿನಷ್ಟು ಇರುವಾಗ ಅದರ ಬೆನ್ನಿನ ಕಡೆ ಒಂದು ಚಪ್ಪಟೆ ಪದರ ಇರುತ್ತೆ, ಅದು ಎರಡೂ ಅಂಚಿಂದ ಮಡಚ್ಕೊಂಡು, ವೀಳ್ಯದೆಲೆ ಸುತ್ತಿದಂಗೆ ಸುತ್ಕೊಂಡು ಕೊಳವೆ ಆಗುತ್ತೆ. ಇದನ್ನೇ ನರಕೊಳವೆ, ನ್ಯೂರಲ್ ಟ್ಯೂಬ್ ಅನ್ನೋದು. ಮುಂದೆ ಇದರ ಮೇಲ್ಭಾಗ ಮೆದುಳಾಗುತ್ತೆ, ಉಳಿದಿದ್ದು ಬೆನ್ನುಹುರಿ. ಎಲ್ಲಾದ್ರೂ ಸರಿಯಾಗಿ ಮುಚ್ಕೊಳ್ದೆ ಬಾಯಿ ಬಿಟ್ಕೊಂಡಿದ್ರೆ ಅಲ್ಲೇ ತೊಂದರೆ. ಬೆನ್ನಲ್ಲಿ ಬಿಟ್ಕೊಂಡ್ರೆ ಸ್ಪೈನಾ ಬೈಫಿಡಾ, ನಮ್ಮ ಮನೆ ಮಗೂಗೆ ಆಗಿದ್ದು ಅದೇ, ಕಾಲಿನ ಶಕ್ತಿ, ಮಲ ಮೂತ್ರದ ಹಿಡಿತ ಎಲ್ಲದಕ್ಕೂ ಪೆಟ್ಟು, ಎಷ್ಟೋ ಮಕ್ಕಳಿಗೆ ತಲೇಲಿ ನೀರೂ ತುಂಬ್ಕೊಳುತ್ತೆ. ತಲೆ ಕಡೆ ಮುಚ್ಚದೇ ಹೋದ್ರೆ ತಲೆಬುರುಡೆ, ಮೆದುಳು ಬೆಳೆಯೋದೇ ಇಲ್ಲ, ಅದಕ್ಕೆ ಅನೆನ್ಸೆಫಾಲಿ ಅಂತಾರೆ, ಆ ಮಕ್ಕಳು ಉಳಿಯಲ್ಲ.

ಈಗ ಲೆಕ್ಕ ನೋಡಿ, ಇಡೀ ಬರಹದಲ್ಲಿ ಇದೊಂದು ನೆನಪಿಟ್ಕೊಂಡ್ರೂ ಸಾಕು. ಆ ಕೊಳವೆ ಮುಚ್ಕೊಳೋದು ಗರ್ಭ ನಿಂತ 28 ದಿನದ ಒಳಗೆ. ಒಬ್ಬಳಿಗೆ ಜನವರಿ 1ಕ್ಕೆ ಮುಟ್ಟಾಯ್ತು ಅನ್ಕೊಳ್ಳಿ, ಹೆಚ್ಚುಕಮ್ಮಿ ಸಂಕ್ರಾಂತಿ ಹೊತ್ತಿಗೆ ಗರ್ಭ ನಿಲ್ಲುತ್ತೆ, ಜನವರಿ 29ಕ್ಕೆ ಆಗ್ಬೇಕಿದ್ದ ಡೇಟ್ ಮಿಸ್ ಆಗುತ್ತೆ, ಫೆಬ್ರವರಿ 11ರ ಹೊತ್ತಿಗೆ ಕೊಳವೆ ಮುಚ್ಚೋ ಕೆಲಸ ಮುಗ್ದೇ ಹೋಗಿರುತ್ತೆ. ಅಂದ್ರೆ ಡೇಟ್ ಮಿಸ್ ಆದ್ಮೇಲೆ ಸಿಗೋದು ಬರೀ ಎರಡು ವಾರ. ನಮ್ಮ ಕಡೆ ಏನ್ ಮಾಡ್ತೀವಿ? ಒಂದು ವಾರ ನೋಡೋಣ ಅಂತೀವಿ, ಆಮೇಲೆ ಟೆಸ್ಟ್, ಆಮೇಲೂ ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ ದೃಷ್ಟಿ ಆಗುತ್ತೆ ಅಂತೀವಿ, ಆಮೇಲೆ ಪಿಎಚ್‌ಸಿಗೆ ಹೋಗಿ ತಾಯಿ ಕಾರ್ಡ್ ಮಾಡಿಸ್ಕೊಂಡು ಮಾತ್ರೆ ತರ್ತೀವಿ. ನಮ್ಮ ಹುಡುಗೀನೂ ಹಂಗೇ ಮಾಡಿದ್ದು. ಅಷ್ಟೊತ್ತಿಗೆ ಮುಚ್ಚೋದು ಮುಚ್ಚಿ, ಬಿಟ್ಟೋಗಿದ್ದು ಬಿಟ್ಟೋಗಿ ಎರಡು ತಿಂಗಳಾಗಿತ್ತು.

ಹಂಗಾಗಿ ಶುರು ಮಾಡ್ಬೇಕಾಗಿರೋದು ಮಗು ಬೇಕು ಅಂತ ಗಂಡ ಹೆಂಡ್ತಿ ಮಾತಾಡ್ಕೊಂಡಾಗ್ಲೇ. ದಿನಾ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಗರ್ಭ ನಿಲ್ಲೋಕೆ ಕಮ್ಮಿ ಅಂದ್ರೂ ಒಂದು ತಿಂಗಳು ಮುಂಚಿಂದ, ಮೂರು ತಿಂಗಳು ಆದ್ರೆ ಇನ್ನೂ ಒಳ್ಳೇದು, ಗರ್ಭ ನಿಂತ್ಮೇಲೂ ಮೂರು ತಿಂಗಳು ತುಂಬೋವರೆಗೆ. ಮದುವೆ ಆಗಿ ಪ್ಲಾನಿಂಗ್ ಏನೂ ಮಾಡ್ತಿಲ್ಲ ಅನ್ನೋರು, ಅಂದ್ರೆ ನಮ್ಮಲ್ಲಿ ಮುಕ್ಕಾಲು ಜನ, ಮದುವೆ ಆದ ತಿಂಗಳಿಂದಾನೇ ತಗೊಳೋದು ಸರಿ ಅಂತ ನನ್ನ ಅಭಿಪ್ರಾಯ. ದಿನಾ ಒಂದೇ ಹೊತ್ತಿಗೆ ನುಂಗಿ, ರಾತ್ರಿ ಊಟ ಆದ್ಮೇಲೆ ಅಂತ ಇಟ್ಕೊಂಡ್ರೆ ಮರೆಯಲ್ಲ.

ಇಲ್ಲಿ ಅತ್ತೆ ಮನೆ ವಿಷಯ ಒಂದಿದೆ. ಹೊಸ ಸೊಸೆ ದಿನಾ ಮಾತ್ರೆ ನುಂಗ್ತಿದ್ರೆ ಮಕ್ಕಳಾಗ್ದಂಗೆ ಏನೋ ತಗೊಳ್ತಿದಾಳೆ ಅಂತ ಅನುಮಾನ ಬರುತ್ತೆ, ನಾನೇ ನೋಡಿದೀನಿ. ಕದ್ದು ತಗೋಬೇಡಿ, ಗಂಡನ ಕೈಲೇ ತರಿಸಿ, ಅತ್ತೆಗೆ ಶೀಟ್ ತೋರಿಸಿ, ಅತ್ತೆಮ್ಮ ಇದು ಹುಟ್ಟೋ ಮಗು ಬೆನ್ನು ಗಟ್ಟಿ ಆಗ್ಲಿ ಅಂತ ತಗೊಳ್ತಿರೋದು ಅನ್ನಿ. ಬೇಕಾದ್ರೆ ಆಶಾ ಅಕ್ಕನ್ನ ಮನೆಗೆ ಕರೆಸಿ ಅವರ ಬಾಯಿಂದ ಹೇಳಿಸಿ, ಅವರ ಮಾತಿಗೆ ಬೆಲೆ ಇದೆ.

ಮಾತ್ರೆ ವಿಷಯದಲ್ಲಿ ಗೊಂದಲ ಜಾಸ್ತಿ. ಸರ್ಕಾರಿ ಆಸ್ಪತ್ರೇಲಿ ಗರ್ಭಿಣಿಯರಿಗೆ ಕೊಡೋ ಕೆಂಪು ಮಾತ್ರೆ ಬೇರೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ, ನಾಲ್ಕನೇ ತಿಂಗಳಿಂದ ಕೊಡೋದು, ರಕ್ತಹೀನತೆಗೆ ಅದು ಬೇಕೇ ಬೇಕು ಆದ್ರೆ ಬೆನ್ನುಹುರಿ ಲೆಕ್ಕದಲ್ಲಿ ಅದು ತಡವಾಯ್ತು. ಹೈಸ್ಕೂಲ್ ಹೆಣ್ಮಕ್ಕಳಿಗೆ ವಾರಕ್ಕೊಂದು ಕೊಡೋ ನೀಲಿ ಮಾತ್ರೇನೂ ಬೇರೆ. ನೀವು ಕೇಳ್ಬೇಕಾಗಿರೋದು ಬರೀ ಫೋಲಿಕ್ ಆಸಿಡ್. ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಸಾಮಾನ್ಯವಾಗಿ 5 ಮಿಲಿಗ್ರಾಂ ಶೀಟ್ ಕೈಗಿಡ್ತಾರೆ, ಅದು 400 ಮೈಕ್ರೋಗ್ರಾಂಗಿಂತ ಹನ್ನೆರಡೂವರೆ ಪಟ್ಟು. ಕೆಲವರಿಗೆ ಅಷ್ಟು ಬೇಕಾಗುತ್ತೆ, ಎಲ್ಲರಿಗೂ ಅಲ್ಲ, ಡಾಕ್ಟರ್ ಹೇಳ್ದೆ ಅದನ್ನ ತಿಂಗಳುಗಟ್ಟಲೆ ತಗೋಬೇಡಿ. ಯಾಕಂದ್ರೆ ವಿಟಮಿನ್ ಬಿ12 ಕಮ್ಮಿ ಇದ್ದೋರು, ಅದರಲ್ಲೂ ಮಾಂಸ ಮೊಟ್ಟೆ ತಿನ್ನದೋರು, ಫೋಲಿಕ್ ಆಸಿಡ್ ಜಾಸ್ತಿ ತಗೊಂಡ್ರೆ ರಕ್ತ ಸರಿಹೋದಂಗೆ ಕಾಣ್ಸುತ್ತೆ ಆದ್ರೆ ಒಳಗೆ ನರಕ್ಕೆ ಆಗ್ತಿರೋ ಹಾನಿ ಮುಚ್ಚೋಗುತ್ತೆ.

5 ಮಿಲಿಗ್ರಾಂ ಯಾರಿಗೆ ಅಂದ್ರೆ, ಮುಂಚೆ ಇಂಥ ಮಗು ಹುಟ್ಟಿರೋರು, ಗಂಡ ಹೆಂಡ್ತಿಲಿ ಯಾರಿಗಾದ್ರೂ ಈ ತೊಂದರೆ ಇರೋರು, ಸಕ್ಕರೆ ಕಾಯಿಲೆ ಇರೋರು, ಫಿಟ್ಸ್‌ಗೆ ಮಾತ್ರೆ ತಗೊಳ್ಳೋರು. ಒಂದ್ಸಲ ಆದೋರಿಗೆ ಮತ್ತೆ ಆಗೋ ಸಾಧ್ಯತೆ ನೂರಕ್ಕೆ ಎರಡು ಮೂರು, ಬೇರೆಯವರಿಗಿಂತ ತುಂಬಾ ಜಾಸ್ತಿ. ಇಂಥ ತಾಯಂದಿರ ಮೇಲೇನೇ 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ದೊಡ್ಡ ಅಧ್ಯಯನದ ಫಲಿತಾಂಶ ಬಂತು, ಹಲವು ದೇಶದೋರು ಸೇರಿದ್ರು ಅದರಲ್ಲಿ, ದಿನಾ 4 ಮಿಲಿಗ್ರಾಂ ತಗೊಂಡೋರಲ್ಲಿ ಮತ್ತೆ ಆಗೋದು 72% ಕಮ್ಮಿ ಆಗಿತ್ತು. ನೂರಕ್ಕೆ ನೂರು ಅಲ್ಲ, ನೋಡಿ. ಎಲ್ಲ ಸರಿಯಾಗಿ ಮಾಡಿದ್ರೂ ಕೆಲವು ಸಲ ಆಗ್ಬಿಡುತ್ತೆ, ಹಂಗಾದಾಗ ತಾಯಿ ಕಡೆ ಬೆರಳು ತೋರಿಸ್ಬೇಡಿ.

ಫಿಟ್ಸ್ ಮಾತ್ರೆ ಬಗ್ಗೆ ಇನ್ನೊಂದು ಮಾತು. ವಾಲ್ಪ್ರೋಯೇಟ್ ಅನ್ನೋ ಮಾತ್ರೆ ಈ ಅಪಾಯ ಹೆಚ್ಚಿಸುತ್ತೆ. ಅಂತ ಕೇಳಿ ಹೆದರಿ ನೀವೇ ನಿಲ್ಲಿಸ್ಬೇಡಿ, ಸಡನ್ನಾಗಿ ಬಿಟ್ರೆ ಫಿಟ್ಸ್ ಬಂದು ಜೀವಕ್ಕೇ ತೊಂದರೆ. ಗರ್ಭಕ್ಕೆ ಮುಂಚೆನೇ ನರರೋಗದ ಡಾಕ್ಟರ್ ಹತ್ರ ಹೋಗಿ ಬದಲಾಯಿಸೋಕೆ ಆಗುತ್ತಾ ಕೇಳಿ. ಶುಗರ್ ಇರೋರೂ ಅಷ್ಟೇ, ಶುಗರ್ ಹತೋಟಿಗೆ ಬಂದ್ಮೇಲೆ ಮಗು ಯೋಚ್ನೆ ಮಾಡಿ. ತೂಕ ಜಾಸ್ತಿ ಇರೋದು, ಮೊದಲ ವಾರಗಳಲ್ಲಿ ಜೋರು ಜ್ವರ ಬಂದು ಮೈ ಸುಡೋದು, ಇವೂ ಅಪಾಯವೇ.

ಸೊಪ್ಪು ತಿಂದ್ರೆ ಸಾಲಲ್ವಾ ಅಂತ ಕೇಳ್ತಾರೆ. ಫೋಲಿಕ್ ಅನ್ನೋ ಹೆಸರೇ ಎಲೆ ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು, 1941ರಲ್ಲಿ ಪಾಲಕ್ ಸೊಪ್ಪಿಂದ ಅದನ್ನ ಬೇರೆ ಮಾಡಿ ತೆಗೆದ್ರು. ಅದಕ್ಕೂ ಹತ್ತು ವರ್ಷ ಮುಂಚೆ ಲೂಸಿ ವಿಲ್ಸ್ ಅನ್ನೋ ಡಾಕ್ಟ್ರಮ್ಮ ನಮ್ಮ ಮುಂಬೈಲೇ, ಗಿರಣಿಲಿ ಕೆಲಸ ಮಾಡ್ತಿದ್ದ ಬಡ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣ ಆಗುತ್ತೆ ಅಂತ ತೋರಿಸಿದ್ರು, ಅದರೊಳಗಿದ್ದಿದ್ದೂ ಇದೇ ವಸ್ತು. ಆದ್ರೆ ಇದು ನೀರಲ್ಲಿ ಕರಗುತ್ತೆ, ಬಿಸಿಗೆ ಹಾಳಾಗುತ್ತೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದ್ರೆ ಒಳ್ಳೇದೆಲ್ಲ ಬಚ್ಚಲಿಗೆ ಹೋಯ್ತು. ಈ ವಿಷಯದಲ್ಲಿ ನಮ್ಮ ಬಸ್ಸಾರು, ಉಪ್ಸಾರು ನನಗೆ ತುಂಬಾ ಹೆಮ್ಮೆ, ಬೆರಕೆ ಸೊಪ್ಪೂ ಕಾಳೂ ಬೇಯಿಸಿ ಬಸಿದ ಕಟ್ಟನ್ನೇ ಸಾರು ಮಾಡ್ತೀವಿ, ಏನೂ ವೇಸ್ಟಿಲ್ಲ. ಅಲಸಂದೆ, ಹೆಸರು, ಕಡಲೆಕಾಳು, ಕಡ್ಲೆಕಾಯಿ ಎಲ್ಲ ತಿನ್ನಿ. ರೇಷನ್ ಅಕ್ಕೀಲಿ ಬಂದ ಬೇರೆ ಥರದ ಕಾಳನ್ನ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಬಿಸಾಡಿದ್ರಲ್ಲ, ಅದು ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿದ ಸಾರವರ್ಧಿತ ಅಕ್ಕಿ, ಬಿಸಾಡ್ಬೇಡಿ. ಹಂಗಂತ ಅದೇ ಸಾಕು ಅನ್ಕೋಬೇಡಿ, ಒಂದು ಕೆಜಿ ಅಕ್ಕೀಲಿ ಇರೋದು 75ರಿಂದ 125 ಮೈಕ್ರೋಗ್ರಾಂ, ನಿಮಗೆ ದಿನಕ್ಕೆ ಬೇಕಾಗಿರೋದು 400. ಊಟದ ಜೊತೆಗೆ ಮಾತ್ರೆ ಇರ್ಲೇಬೇಕು.

ಗರ್ಭ ನಿಂತ ಮೇಲೆ ಸ್ಕ್ಯಾನಿಂಗ್. 11ರಿಂದ 14ನೇ ವಾರದ ಸ್ಕ್ಯಾನಲ್ಲಿ ತಲೆ ಬೆಳವಣಿಗೆ ಗೊತ್ತಾಗುತ್ತೆ, 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನಲ್ಲಿ ಬೆನ್ನುಮೂಳೆ ಪೂರ್ತಿ ನೋಡ್ತಾರೆ. ಐದನೇ ತಿಂಗಳ ಈ ಸ್ಕ್ಯಾನ್ ತಪ್ಪಿಸ್ಬೇಡಿ, ಸೀಮಂತ ಆದ್ಮೇಲೆ ನೋಡೋಣ ಅಂತ ಮುಂದೂಡಿದ್ರೆ ಏನಾದ್ರೂ ಇದ್ರೂ ಯೋಚ್ನೆ ಮಾಡೋಕೆ ಟೈಮ್ ಇರಲ್ಲ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಫ್ರೀ ತಪಾಸಣೆ ಇರುತ್ತೆ, ಅಲ್ಲೇ ಕೇಳಿ ಸ್ಕ್ಯಾನಿಂಗ್ ಎಲ್ಲಿಗೆ ಬರೆದುಕೊಡ್ತಾರೆ ಅಂತ. ತೊಂದರೆ ಕಂಡ್ರೆ ಡಾಕ್ಟರ್ ಹತ್ರ ಕೂತು ಮಗು ಸ್ಥಿತಿ ಎಷ್ಟರಮಟ್ಟಿಗೆ ಅಂತ ಪೂರ್ತಿ ತಿಳ್ಕೊಳ್ಳಿ. 2021ರಲ್ಲಿ ತಿದ್ದುಪಡಿ ಆದ ಕಾನೂನಿನ ಪ್ರಕಾರ ಗಂಭೀರ ದೋಷ ಇದ್ರೆ 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರ್ ಒಪ್ಪಿಗೆ ಮೇಲೆ, ಅದು ದಾಟಿದ್ರೆ ಮೆಡಿಕಲ್ ಬೋರ್ಡ್ ಒಪ್ಪಿದ್ರೆ ಗರ್ಭಪಾತಕ್ಕೆ ಅವಕಾಶ ಇದೆ. ಆ ತೀರ್ಮಾನ ತಾಯೀದು, ಬೇರೆ ಯಾರೂ ಒತ್ತಾಯ ಮಾಡೋ ಹಂಗಿಲ್ಲ, ಮಾಡು ಅಂತಾನೂ ಬೇಡ ಅಂತಾನೂ.

ಮಗು ಗಂಟಿನ ಜೊತೆ ಹುಟ್ತು ಅಂದ್ರೆ ಮೊದಲ ಕೆಲವು ಗಂಟೆ ತುಂಬಾ ಮುಖ್ಯ. ಅಂಗಾತ ಮಲಗಿಸ್ಬೇಡಿ, ಬೋರಲಾಗಿ ಇಲ್ಲ ಪಕ್ಕಕ್ಕೆ ಮಲಗಿಸಿ. ಗಂಟಿನ ಮೇಲೆ ಅರಿಶಿನ, ಹರಳೆಣ್ಣೆ, ವಿಭೂತಿ ಏನೂ ಹಚ್ಚಬೇಡಿ, ಚುಚ್ಚಬೇಡಿ, ಆಸ್ಪತ್ರೇಲಿ ಸಲೈನಲ್ಲಿ ನೆನೆಸಿದ ಶುದ್ಧವಾದ ಬಟ್ಟೆ ಮುಚ್ತಾರೆ, ಅದು ಒಣಗದಂಗೆ ನೋಡ್ಕೊಬೇಕು. ಪೊರೆ ಒಡೆದು ಸೋಂಕು ಮೆದುಳಿಗೆ ಹೋದ್ರೆ ಕಷ್ಟ, ಅದಕ್ಕೇ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಆಪರೇಷನ್ ಮಾಡ್ತಾರೆ. ಹನ್ನೊಂದು ದಿನ ಸೂತಕ ಕಳೀಲಿ ಆಮೇಲೆ ಬೆಂಗಳೂರಿಗೆ ಹೋಗೋಣ ಅಂತ ಯಾರಾದ್ರೂ ಅಂದ್ರೆ ಕೇಳ್ಬೇಡಿ, 108 ಕರೆಸಿ ಹೊರಡಿ.

ನಮ್ಮ ಹುಡುಗಿ ಮಗೂಗೆ ಮೂರನೇ ದಿನ ಆಪರೇಷನ್ ಆಯ್ತು, ಆಮೇಲೆ ತಲೇಲಿ ನೀರು ಜಾಸ್ತಿ ಆಗಿ ಷಂಟ್ ಅಂತ ಸಣ್ಣ ಪೈಪ್ ಹಾಕಿದ್ರು. ಷಂಟ್ ಹಾಕಿರೋ ಮಗು ಪದೇ ಪದೇ ವಾಂತಿ ಮಾಡ್ಕೊಂಡು, ಮಂಪರಾಗಿ, ನೆತ್ತಿ ಉಬ್ಬಿದ್ರೆ ಅದು ಬ್ಲಾಕ್ ಆಗಿರಬಹುದು, ರಾತ್ರಿ ಹನ್ನೆರಡಾದ್ರೂ ಆಸ್ಪತ್ರೆಗೆ ಓಡಿ. ಇಂಥ ಮಕ್ಕಳಲ್ಲಿ ಬಹಳ ಜನಕ್ಕೆ ರಬ್ಬರ್ ಗ್ಲೌಸ್, ಬಲೂನ್ ಅಲರ್ಜಿ ಆಗುತ್ತೆ, ಯಾವುದೇ ಡಾಕ್ಟರ್ ಹತ್ರ ಹೋದ್ರೂ ಮೊದಲೇ ಹೇಳಿ. ಮೂತ್ರ ಪೂರ್ತಿ ಖಾಲಿ ಆಗ್ತಿದೆಯಾ ಅಂತ ನೋಡಿಸ್ತಾ ಇರಿ, ಇಲ್ಲಾಂದ್ರೆ ಸದ್ದಿಲ್ದೆ ಕಿಡ್ನಿ ಹಾಳಾಗುತ್ತೆ. ಈಗ ಅವನಿಗೆ ಆರು ವರ್ಷ, ಕಾಲಿಗೆ ಪಟ್ಟಿ ಕಟ್ಕೊಂಡು ವಾಕರ್ ಹಿಡ್ಕೊಂಡು ಸ್ಕೂಲಿಗೆ ಹೋಗ್ತಾನೆ, ಲೆಕ್ಕದಲ್ಲಿ ಚುರುಕು. ಎರಡನೇ ಮಗೂಗೆ ಮುಂಚೆ ಅವಳು ಮೂರು ತಿಂಗಳು 5 ಮಿಲಿಗ್ರಾಂ ತಗೊಂಡ್ಲು, ಡಾಕ್ಟರ್ ಬರೆದುಕೊಟ್ಟ ಮೇಲೇನೇ, ಹೋದ ವರ್ಷ ಹೆಣ್ಣು ಮಗು ಹುಟ್ತು. ಹುಟ್ಟಿದ ತಕ್ಷಣ ನರ್ಸಮ್ಮನಿಗೆ ಅವಳು ಕೇಳಿದ್ದು ಗಂಡಾ ಹೆಣ್ಣಾ ಅಂತ ಅಲ್ಲ, ಸಿಸ್ಟರ್ ಬೆನ್ನು ತೋರಿಸಿ ಅಂತ.