ಬೇಳೆ ಬೇಯದ ನೀರಲ್ಲಿ ಮೀನಿನ ಸಂಸಾರ

ಬಾಗಲಕೋಟೆ ನವನಗರದ ನಮ್ಮ ಮನೆಯ ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ. ಹಂಡೆಯ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಅದಕ್ಕೇ ಮೊದಲ ಸಲ ಟ್ಯಾಂಕಲ್ಲಿ ಸಾಕಲು ಮಲ್ಟಿ ಅನ್ನುವ ಮೂರು ಪುಟ್ಟ ಮೀನು ತಂದಾಗ, ಒಳ್ಳೆ ನೀರು ಕೊಡೋಣ ಅಂತ ಸುಣ್ಣ ಸೋಸಿ ತೆಗೆದ ಆರ್‌ಓ ನೀರು ತುಂಬಿಸಿದೆ. ಮೂರೂ ಮೂಲೆ ಹಿಡಿದವು, ಮೇವು ಮುಟ್ಟಲಿಲ್ಲ. ವಾರದಲ್ಲಿ ಎರಡು ಸತ್ತವು. ತಪ್ಪು ನನ್ನದೇ.

ಆಮೇಲೆ ಕೂತು ಓದಿದೆ. ಮಲ್ಟಿಯ ಪೂರ್ತಿ ಹೆಸರು ನಿಯೋಲ್ಯಾಂಪ್ರೊಲಾಗಸ್ ಮಲ್ಟಿಫ್ಯಾಸಿಯೇಟಸ್. ಆಫ್ರಿಕಾದ ಟಾಂಗನ್ಯಿಕಾ ಸರೋವರದ್ದು. ಹೆಣ್ಣು 3 ಸೆಂ.ಮೀ. ಬೆಳೆದರೆ ಹೆಚ್ಚು, ಗಂಡು ಸ್ವಲ್ಪ ದೊಡ್ಡದು. ಸರೋವರದ ತಳದಲ್ಲಿ ಬಿದ್ದ ಖಾಲಿ ಚಿಪ್ಪುಗಳೇ ಇವುಗಳ ಮನೆ. ಅಲ್ಲಿನ ನೀರು ಗಡಸು, ಕ್ಷಾರದ ಅಂಶ ಜಾಸ್ತಿ, ಪಿಎಚ್ 9ರ ಹತ್ತಿರ. ಅಂದರೆ ನಾವು ದಿನಾ ಬೈಯುವ ಬೋರಿನ ನೀರೇ ಇವಕ್ಕೆ ಬೇಕಾದದ್ದು!

"ಬ್ಯಾಳಿ ಬೇಯದ ನೀರಾಗ ಮೀನ ಹ್ಯಾಂಗ ಬದುಕ್ತಾವೋ?" ಅಂದಳು ಅವ್ವ. ಬದುಕಿದವು.

ಎರಡು ಅಡಿ ಟ್ಯಾಂಕು, ಸ್ಪಾಂಜ್ ಫಿಲ್ಟರ್, ಜರಡಿ ಹಿಡಿದ ಸಣ್ಣ ಮರಳು ಎರಡಿಂಚು. ಚಿಪ್ಪಿಗೆ ದುಡ್ಡು ಕೊಡಬೇಕಿಲ್ಲ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದ ಮೇಲೆ ದಂಡೆಯಲ್ಲಿ ಖಾಲಿ ಬಸವನಹುಳದ ಚಿಪ್ಪು ಬಿದ್ದಿರುತ್ತವೆ. ನಿಂಬೆಹಣ್ಣಿನ ಗಾತ್ರದವನ್ನು ಆರಿಸಿ ತಂದು, ಚೆನ್ನಾಗಿ ಕುದಿಸಿ ತೊಳೆದೆ. ಆರು ಮೀನಿಗೆ ಇಪ್ಪತ್ತು ಚಿಪ್ಪು. ಕಡಿಮೆ ಹಾಕಿದರೆ ಜಗಳ ಜಾಸ್ತಿ.

ಇವುಗಳ ಕೆಲಸ ನೋಡಬೇಕು. ಬಾಯಿತುಂಬ ಮರಳು ಎತ್ತಿ, ಒಂದು ಗೇಣು ದೂರ ಹೋಗಿ ಉಗುಳಿ, ತಿರುಗಿ ಓಡಿ ಬರುತ್ತವೆ. ಚಿಪ್ಪು ನಿಧಾನಕ್ಕೆ ಮರಳಲ್ಲಿ ಇಳಿದು, ಬಾಯಿ ಮಾತ್ರ ಮೇಲೆ ಉಳಿಯುತ್ತದೆ. ನಾನು ಎರಡು ಸಲ ಮರಳನ್ನು ಸಮ ಮಾಡಿದೆ. ಎರಡು ಸಲವೂ ಬೆಳಗಾಗುವುದರೊಳಗೆ ಮತ್ತೆ ಗುಂಡಿ, ದಿಬ್ಬ. ಅವುಗಳ ಮನೆ ಅವೇ ಕಟ್ಟಿಕೊಳ್ಳಲಿ ಅಂತ ಬಿಟ್ಟೆ.

ಮೊಟ್ಟೆ ಚಿಪ್ಪಿನೊಳಗೆ ಇಡುವುದರಿಂದ ನಮಗೆ ಕಾಣುವುದಿಲ್ಲ. ಮೂರನೇ ತಿಂಗಳು ಒಂದು ಹೆಣ್ಣು ತನ್ನ ಚಿಪ್ಪಿನ ಬಾಯಿ ಬಿಟ್ಟು ಕದಲದೆ, ಅಲ್ಲೇ ರೆಕ್ಕೆ ಬೀಸುತ್ತಾ ನಿಂತಿತು. ಹತ್ತು ಹನ್ನೆರಡು ದಿನ ಕಳೆದಿರಬಹುದು. ರಾತ್ರಿ ಟಾರ್ಚ್ ಬಿಟ್ಟರೆ, ಚಿಪ್ಪಿನ ಅಂಚಿನಲ್ಲಿ ಜೀರಿಗೆ ಕಾಳಿನಷ್ಟು ಏಳು ಮರಿ! ಅವ್ವನನ್ನು ಎಬ್ಬಿಸಿ ತೋರಿಸಿದೆ.

ಮರಿಗಳಿಗೆ ಮೇವು ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿಯ ಮರಿ. ಬಾಟಲಿಯಲ್ಲಿ ಉಪ್ಪುನೀರು, ಏರ್ ಪೈಪ್. ಅದರ ಮೊಟ್ಟೆ ಹಾಕಿದರೆ ಒಂದೂವರೆ ದಿನದಲ್ಲಿ ಒಡೆಯುತ್ತವೆ. ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಉಂಡಿವೆ ಅಂತ ಲೆಕ್ಕ. ಅವುಗಳನ್ನು ಬೇರೆ ಟ್ಯಾಂಕಿಗೆ ಹಾಕಲೇ ಇಲ್ಲ. ಅಪ್ಪ, ಅವ್ವ, ಅಣ್ಣ, ತಂಗಿ ಎಲ್ಲ ಒಟ್ಟಿಗೆ ಬಾಳುವ ಜಾತಿ ಇದು.

ಕಷ್ಟ ಇರುವುದು ನಮ್ಮ ಬೇಸಿಗೆಯದು. ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಡುತ್ತೇನೆ. ನೀರು ಆವಿಯಾದರೂ ಸುಣ್ಣ ಟ್ಯಾಂಕಲ್ಲೇ ಉಳಿಯುತ್ತದಲ್ವಾ? ಹಾಗಾಗಿ ಆರಿದಷ್ಟು ನೀರನ್ನು ಮಾತ್ರ ಆರ್‌ಓದಿಂದ ತುಂಬಿಸುತ್ತೇನೆ. ವಾರಕ್ಕೊಮ್ಮೆ ಐದನೇ ಒಂದು ಪಾಲು ಬದಲಿಸುವಾಗ ಬೋರಿನ ನೀರೇ.

ಮೊನ್ನೆ ಇಳಕಲ್ಲಿನ ಗೆಳೆಯನಿಗೆ ಎಂಟು ಮರಿ ಕೊಟ್ಟೆ. ಬಲೆ ಹಾಕಿದರೆ ಎಲ್ಲ ಚಿಪ್ಪಿಗೆ ನುಗ್ಗುತ್ತವೆ. ಚಿಪ್ಪು ಎತ್ತಿ, ಬಾಯಿ ಕೆಳಗೆ ಮಾಡಿ, ಬಕೆಟ್ಟಿನ ನೀರಿನ ಮೇಲೆ ಹಿಡಿದರೆ ತಾವೇ ಜಾರಿ ಬೀಳುತ್ತವೆ. ಜೊತೆಗೆ ನಮ್ಮ ಬೋರಿನ ನೀರು ಎರಡು ಕ್ಯಾನ್ ತುಂಬಿ ಕಳಿಸಿದೆ.