ರೆಗಾಟ್ಟಾದ ಕೊನೆಯ ದಿನ: ಹಾಯಿ ಏರಿಸುವ ಮೊದಲು ಲೆಕ್ಕ ಹಾಕಿ

ಡಿಂಗಿ ಅಂದರೆ ಒಬ್ಬರೋ ಇಬ್ಬರೋ ಕೂತು ಓಡಿಸುವ ಚಿಕ್ಕ ಹಾಯಿದೋಣಿ. ಕ್ಲಬ್ಬಿನ ರೆಗಾಟ್ಟಾದಲ್ಲಿ ಇಂಥ ದೋಣಿಗಳಿಗೆ ಹಲವು ರೇಸ್ ಇರುತ್ತವೆ. ಎಲ್ಲದರ ಅಂಕ ಕೂಡಿಸಿ ಗೆದ್ದವರು ಯಾರು ಎಂದು ತೀರ್ಮಾನಿಸುತ್ತಾರೆ. ಮೊದಲ ದಿನಗಳಲ್ಲಿ ಸಾಧ್ಯವಾದಷ್ಟು ಮುಂದೆ ಬಂದರೆ ಸಾಕು. ಕೊನೆಯ ದಿನ ಆಟವೇ ಬೇರೆ. ಅವತ್ತು ನಿಮ್ಮ ಎದುರಾಳಿಗಳು ಸ್ಕೋರ್ ಶೀಟಿನಲ್ಲಿ ನಿಮ್ಮ ಮೇಲೆ, ಕೆಳಗೆ ಇರುವ ಒಬ್ಬಿಬ್ಬರು ಮಾತ್ರ.

ಮೊದಲು ನೋಟಿಸ್ ಬೋರ್ಡ್

ದೋಣಿಯ ಹತ್ತಿರ ಹೋಗುವ ಮುನ್ನ ಬೋರ್ಡ್ ನೋಡಿ. ಹಿಂದಿನ ಸಂಜೆಯೇ ನಿಯಮಕ್ಕೆ ತಿದ್ದುಪಡಿ ಬಂದಿರಬಹುದು. ಇಂತಿಷ್ಟು ಹೊತ್ತಿನ ನಂತರ ಹೊಸ ರೇಸ್ ಶುರು ಮಾಡುವಂತಿಲ್ಲ ಎಂಬ ಗಡುವು ಕೊನೆಯ ದಿನ ಸಾಮಾನ್ಯವಾಗಿ ಇರುತ್ತದೆ. ಬೆಳಗ್ಗೆ ಗಾಳಿ ಇಲ್ಲದೆ ದಡದಲ್ಲೇ ಕಾದರೆ, ಮೂರು ರೇಸ್ ಅಂದುಕೊಂಡಿದ್ದು ಒಂದಕ್ಕೆ ಇಳಿಯುತ್ತದೆ. ಆಗ 'ಮುಂದಿನ ರೇಸಿನಲ್ಲಿ ನೋಡಿಕೊಳ್ಳೋಣ' ಅನ್ನುವ ಹಾಗಿಲ್ಲ.

ಎಷ್ಟು ರೇಸ್ ಮುಗಿದರೆ ಡಿಸ್ಕಾರ್ಡ್ ಸಿಗುತ್ತದೆ ಎಂಬುದನ್ನೂ ಓದಿಕೊಳ್ಳಿ. ಡಿಸ್ಕಾರ್ಡ್ ಅಂದರೆ ನಿಮ್ಮ ಅತಿ ಕೆಟ್ಟ ಅಂಕವನ್ನು ಲೆಕ್ಕದಿಂದ ತೆಗೆಯುವುದು.

ಈಗ ಪೆನ್ನು, ಕಾಗದ

ಅಂಕದ ಪದ್ಧತಿ ಸುಲಭ. ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹೀಗೆ. ಕಡಿಮೆ ಇದ್ದವರು ಗೆಲ್ಲುತ್ತಾರೆ. ಅನರ್ಹರಾದರೆ ಅಥವಾ ರೇಸ್ ಮುಗಿಸದಿದ್ದರೆ ಸಾಮಾನ್ಯವಾಗಿ ಒಟ್ಟು ದೋಣಿಗಳ ಸಂಖ್ಯೆಗೆ 1 ಸೇರಿಸಿ ಕೊಡುತ್ತಾರೆ. 24 ದೋಣಿ ಇದ್ದರೆ 25.

ಒಂದು ಉದಾಹರಣೆ ನೋಡಿ. ಆರು ರೇಸ್ ಆಗಿವೆ, ಒಂದು ಉಳಿದಿದೆ, ಒಂದು ಡಿಸ್ಕಾರ್ಡ್. ನಿಮ್ಮ ಅಂಕ 3, 1, 4, 2, 9, 5. ಒಂಬತ್ತನ್ನು ತೆಗೆದರೆ 15. ಎದುರಾಳಿಯದು 2, 4, 1, 6, 3, 7. ಏಳನ್ನು ತೆಗೆದರೆ 16. ನೀವೇ ಮುಂದೆ, ಅಲ್ವಾ?

ಸ್ವಲ್ಪ ತಡೆಯಿರಿ. ಕೊನೆಯ ರೇಸಿನಲ್ಲಿ ಇಬ್ಬರೂ 15ನೇ ಸ್ಥಾನದ ಆಸುಪಾಸಿಗೆ ಕುಸಿದರು ಅಂದುಕೊಳ್ಳಿ. ಆಗ ಇಬ್ಬರಿಗೂ ಅದೇ ಡಿಸ್ಕಾರ್ಡ್ ಆಗುತ್ತದೆ, ಹಳೆಯ ಕೆಟ್ಟ ಅಂಕ ವಾಪಸ್ ಬರುತ್ತದೆ. ನಿಮ್ಮ ಒಂಬತ್ತು ಸೇರಿ 24. ಅವರ ಏಳು ಸೇರಿ 23. ಗೆದ್ದವರು ಅವರು! ಅಂದರೆ ನಿಮ್ಮನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅವರಿಗೇ ಲಾಭ. ಹಾಳೆಯ ಮೇಲೆ ಮುಂದಿರುವ ನೀವೇ ಇಲ್ಲಿ ಹುಷಾರಾಗಿರಬೇಕು.

ಸಮ ಆದರೆ? ಅವರು 5ನೇ, ನೀವು 6ನೇ ಸ್ಥಾನಕ್ಕೆ ಬಂದಿರಿ ಅನ್ನೋಣ. ಇಬ್ಬರದೂ 21. ನಿಯಮದಂತೆ ಡಿಸ್ಕಾರ್ಡ್ ಬಿಟ್ಟು ಉಳಿದ ಅಂಕಗಳನ್ನು ಒಳ್ಳೆಯದರಿಂದ ಕೆಟ್ಟದ್ದಕ್ಕೆ ಜೋಡಿಸಬೇಕು. ಇಬ್ಬರದೂ 1, 2, 3, 4, 5, 6. ಅಲ್ಲೂ ಸಮ! ಆಗ ಕೊನೆಯ ರೇಸಿನಲ್ಲಿ ಮುಂದೆ ಬಂದವರಿಗೆ ಪ್ರಶಸ್ತಿ. ಇನ್ನೊಂದು: ನೀವು ಒಂಬತ್ತನೇ ಸ್ಥಾನಕ್ಕೆ ಇಳಿದರೆ ನಿಮ್ಮದು 24, ಅವರು ನಿಮಗಿಂತ ಹಿಂದೆ ಬಂದರೂ ಅವರದು 23ಕ್ಕೇ ನಿಲ್ಲುತ್ತದೆ. ಇಷ್ಟೆಲ್ಲ ಲೆಕ್ಕವನ್ನು ನೀರಿನ ಮೇಲೆ ತಲೆಯಲ್ಲೇ ಮಾಡಲು ಆಗದು. ದಡದಲ್ಲೇ ಮಾಡಿ, ಒಂದೇ ಸಾಲಿನಲ್ಲಿ ಬರೆದುಕೊಳ್ಳಿ: 'ಅವರಿಗಿಂತ ಮುಂದೆ ಬರಬೇಕು, ಎಂಟರ ಒಳಗೆ ಇರಬೇಕು.'

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಲೇಸರ್ (ಒಬ್ಬರೇ ಓಡಿಸುವ ಡಿಂಗಿ) ವಿಭಾಗದ ಕೊನೆಯ ರೇಸಿಗೆ ಬ್ರಿಟನ್ನಿನ ಬೆನ್ ಐನ್ಸ್ಲಿ ಇಳಿದಾಗ ಬ್ರೆಜಿಲ್‌ನ ರಾಬರ್ಟ್ ಶೈಟ್ ಮುಂದಿದ್ದರು. ಐನ್ಸ್ಲಿ ರೇಸ್ ಗೆಲ್ಲುವ ಗೋಜಿಗೇ ಹೋಗಲಿಲ್ಲ. ಶೈಟ್ ಅವರನ್ನು ಅಡ್ಡಗಟ್ಟುತ್ತಾ ಗುಂಪಿನ ಹಿಂದಕ್ಕೆ ತಳ್ಳಿದರು. ಚಿನ್ನ ಐನ್ಸ್ಲಿಗೆ ಬಂತು. ಅದಕ್ಕೂ ಮೊದಲು, 1996ರ ಒಲಿಂಪಿಕ್ಸ್‌ನಲ್ಲಿ, ಕೊನೆಯ ರೇಸಿನಲ್ಲಿ ಇಬ್ಬರೂ ಸ್ಟಾರ್ಟ್ ಗೆರೆಯನ್ನು ಬೇಗ ದಾಟಿ ಅನರ್ಹರಾಗಿದ್ದರು. ಆಗ ಚಿನ್ನ ಶೈಟ್ ಅವರದಾಗಿತ್ತು. ಹೀಗೆ ಅಡ್ಡಗಟ್ಟುವುದು ಮೋಸ ಅಲ್ವಾ ಎಂದು ಕೇಳುವವರಿದ್ದಾರೆ. ಬೇರೆ ಯಾವ ನಿಯಮವನ್ನೂ ಮುರಿಯದೆ, ನಿಮ್ಮದೇ ಸ್ಥಾನದ ಲಾಭಕ್ಕೆ ಮಾಡಿದರೆ ನಿಯಮ ಒಪ್ಪುತ್ತದೆ. ಗೆಳೆಯನನ್ನು ಗೆಲ್ಲಿಸಲು ಮೂರನೆಯವರಿಗೆ ಅಡ್ಡ ಹೋದರೆ ಒಪ್ಪುವುದಿಲ್ಲ. ನನಗೆ ಈ ಗೆರೆ ಸರಿಯಾದ ಕಡೆಯೇ ಎಳೆದಂತೆ ಕಾಣುತ್ತದೆ.

ದೋಣಿ

ಹೊಸ ಪ್ರಯೋಗ ಬೇಡ. ಹಿಂದಿನ ದಿನಗಳ ಎಳೆದಾಟದಲ್ಲಿ ಸವೆದ ಹಗ್ಗ, ಸಡಿಲವಾದ ಶ್ಯಾಕಲ್ (ಹಗ್ಗ, ಹಾಯಿ ಜೋಡಿಸುವ ಲೋಹದ ಕೊಂಡಿ), ಕಾಲು ಸಿಕ್ಕಿಸುವ ಪಟ್ಟಿ, ಚುಕ್ಕಾಣಿ ಕಳಚದಂತೆ ಹಿಡಿಯುವ ಕ್ಲಿಪ್ ಇಷ್ಟನ್ನು ಮುಟ್ಟಿ ನೋಡಿ. ನೀರು ಬಸಿಯುವ ತೂತಿನ ಬಿರಡೆ ಹಾಕಿದ್ದೀರಾ? ಮತ್ತೊಮ್ಮೆ ನೋಡಿ.

ಸ್ಟಾರ್ಟ್

ಬೇಗ ನೀರಿಗಿಳಿಯಿರಿ. ಸ್ಟಾರ್ಟ್ ಗೆರೆಯ ನಡುವೆ ದೋಣಿಯ ಮೂತಿಯನ್ನು ನೇರ ಗಾಳಿಗೆ ತಿರುಗಿಸಿ. ಮೂತಿ ಯಾವ ತುದಿಯ ಕಡೆ ವಾಲುತ್ತದೋ ಆ ತುದಿ ಗಾಳಿಗೆ ಹತ್ತಿರ, ಅಲ್ಲಿಂದ ಹೊರಟರೆ ಲಾಭ. ನಂತರ ಗೆರೆಯ ಆಚೆ ತುದಿಗೆ ನೇರವಾಗಿ ದಡದಲ್ಲಿ ಕಾಣುವ ಮರವನ್ನೋ ಕಂಬವನ್ನೋ ಗುರುತು ಮಾಡಿಕೊಳ್ಳಿ. ಗೆರೆ ಎಷ್ಟು ದೂರ ಇದೆ ಎಂದು ಊಹಿಸುವ ಕಷ್ಟ ತಪ್ಪುತ್ತದೆ.

ಐದು ನಿಮಿಷ ಇದ್ದಾಗ ನಿಮ್ಮ ವಿಭಾಗದ ಬಾವುಟ ಏರುತ್ತದೆ. ನಾಲ್ಕಕ್ಕೆ ಎರಡನೇ ಬಾವುಟ, ಒಂದು ನಿಮಿಷಕ್ಕೆ ಅದು ಕೆಳಗೆ. ಸೊನ್ನೆಗೆ ಮೊದಲ ಬಾವುಟವೂ ಇಳಿದರೆ ರೇಸ್ ಶುರು. ಹಾರ್ನ್ ಕೇಳದಿದ್ದರೂ ಪರವಾಗಿಲ್ಲ, ಸಮಯಕ್ಕೆ ಬಾವುಟವೇ ಆಧಾರ.

ಆ ಎರಡನೇ ಬಾವುಟದ ಬಣ್ಣ ನೋಡುವುದೇ ದಿನದ ಮುಖ್ಯ ಕೆಲಸ. ನೀಲಿಯ ನಡುವೆ ಬಿಳಿ ಚೌಕ ಇದ್ದರೆ ಬೇಗ ದಾಟಿದವರು ವಾಪಸ್ ಬಂದು ಹೊರಡಬಹುದು. ಕಪ್ಪು ಬಾವುಟ ಬಂದರೆ, ಕೊನೆಯ ನಿಮಿಷದಲ್ಲಿ ಗೆರೆ ಮತ್ತು ಮೊದಲ ಮಾರ್ಕ್ (ಸುತ್ತಿ ಹೋಗಬೇಕಾದ ತೇಲುವ ಗುರುತು) ನಡುವಿನ ತ್ರಿಕೋನದಲ್ಲಿ ಸಿಕ್ಕವರು ಸೀದಾ ಅನರ್ಹರು. ಕೊನೆಯ ದಿನ ಎಲ್ಲರೂ ನುಗ್ಗುತ್ತಾರೆ, ಹಾಗಾಗಿ ಕಪ್ಪು ಬಾವುಟ ಬರುವ ಸಾಧ್ಯತೆ ಜಾಸ್ತಿ. ಮೇಲಿನ ಉದಾಹರಣೆಯಂತೆ ಎಂಟರೊಳಗೆ ಬಂದರೆ ಸಾಕಾದಾಗ ಅರ್ಧ ದೋಣಿಯ ಉದ್ದ ಹಿಂದೆ ಹೊರಟರೆ ಏನೂ ನಷ್ಟವಿಲ್ಲ. ಎದುರಾಳಿ ಅಂಟಿಕೊಂಡು ಬಂದರೆ ಬೇರೆ ದೋಣಿಗಳ ಗುಂಪಿನೊಳಗೆ ನುಸುಳಿ ತಪ್ಪಿಸಿಕೊಳ್ಳಿ.

ರೇಸ್ ನಡುವೆ

ಮುಂದಿದ್ದರೆ ಎದುರಾಳಿ ಮತ್ತು ಮುಂದಿನ ಮಾರ್ಕ್ ನಡುವೆ ಇರಿ. ಅವರು ದಿಕ್ಕು ಬದಲಿಸಿದರೆ ನೀವೂ ಬದಲಿಸಿ. ಗಾಳಿ ಎತ್ತ ತಿರುಗಿದರೂ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಲಾಭ, ಒಂದೇ ನಷ್ಟ. ಆದರೆ ಅವರನ್ನೇ ನೋಡುತ್ತಾ ಉಳಿದ ದೋಣಿಗಳನ್ನು ಮುಂದೆ ಬಿಟ್ಟರೆ ಆ ಎಂಟರ ಗಡಿ ಕೈತಪ್ಪುತ್ತದೆ.

ತಪ್ಪಿ ಬೇರೆ ದೋಣಿಗೆ ತಾಗಿದಿರಾ? ತಪ್ಪು ನಿಮ್ಮದಾದರೆ ವಾದ ಬೇಡ. ಬದಿಗೆ ಸರಿದು ತಕ್ಷಣ ಎರಡು ಸುತ್ತು ತಿರುಗಿ. ಮಾರ್ಕ್‌ಗೆ ತಾಗಿದರೆ ಒಂದು ಸುತ್ತು ಸಾಕು. ಎರಡು ಮೂರು ಸ್ಥಾನ ಹೋಗಬಹುದು, 25 ಅಂಕಕ್ಕಿಂತ ಅದು ವಾಸಿ.

ದಡಕ್ಕೆ ಬಂದ ಮೇಲೆ

ಬಂದವರ ಪಟ್ಟಿಯಲ್ಲಿ ಸಹಿ ಹಾಕುವ ನಿಯಮ ಇದ್ದರೆ ಒದ್ದೆ ಬಟ್ಟೆಯಲ್ಲೇ ಹೋಗಿ ಹಾಕಿ. ಯಾರ ಮೇಲಾದರೂ ದೂರು ಕೊಡುವುದಿದ್ದರೆ ನೀರಿನ ಮೇಲೆಯೇ, ಘಟನೆ ನಡೆದ ಕೂಡಲೇ 'ಪ್ರೊಟೆಸ್ಟ್' ಎಂದು ಕೂಗಿರಬೇಕು. ಆರು ಮೀಟರಿಗಿಂತ ಚಿಕ್ಕ ದೋಣಿಗೆ ಕೆಂಪು ಬಾವುಟ ಬೇಕಿಲ್ಲ. ಅರ್ಜಿಗೆ ಗಡುವು ಇದೆ, ಕೊನೆಯ ದಿನ ಅದನ್ನು ಇನ್ನೂ ಚಿಕ್ಕದು ಮಾಡಿರುವುದುಂಟು. ತಾತ್ಕಾಲಿಕ ಫಲಿತಾಂಶ ಹಚ್ಚಿದಾಗ ನಿಮ್ಮ ಹಾಯಿ ಸಂಖ್ಯೆಯ ಎದುರಿನ ಪ್ರತಿ ಅಂಕವನ್ನೂ ಬೆಳಗಿನ ಕಾಗದದ ಜೊತೆ ತಾಳೆ ನೋಡಿ. ತಪ್ಪು ಕಂಡರೆ ಆಗಲೇ ಹೇಳಿ. ಬಹುಮಾನ ಕೊಟ್ಟಾದ ಮೇಲೆ ಕಪ್ ವಾಪಸ್ ಕೇಳುವುದು ಯಾರಿಗೂ ಹಿತವಲ್ಲ.