ತಪ್ಪು ಉತ್ತರಗಳಿಂದ ಆರಂಭಿಸಿದ ಒಂದು ವರ್ಷ

ಒಂಬತ್ತನೇ ತರಗತಿಯ ಮೊದಲ ಬೀಜಗಣಿತ ಕಿರುಪರೀಕ್ಷೆಯಲ್ಲಿ ನನಗೆ 25ಕ್ಕೆ 14 ಅಂಕ ಬಂದಿತ್ತು. ಉತ್ತರ ಪತ್ರಿಕೆ ಕೈಗೆ ಬಂದ ಕೂಡಲೇ ಅಂಕಗಳನ್ನು ಮತ್ತೊಮ್ಮೆ ಕೂಡಿ ನೋಡಿದೆ, ಪಕ್ಕದಲ್ಲಿದ್ದವರಿಗೆ ಎಷ್ಟು ಬಂದಿದೆಯೆಂದು ಕೇಳಿದೆ, ಆಮೇಲೆ ಪತ್ರಿಕೆಯನ್ನು ಮಡಿಸಿ ಚೀಲದಲ್ಲಿಟ್ಟೆ. ಮರುದಿನ ಹೊಸ ಅಧ್ಯಾಯ ಆರಂಭವಾಯಿತು. ಮೂರು ತಿಂಗಳ ನಂತರ ಅರ್ಧವಾರ್ಷಿಕ ಪರೀಕ್ಷೆಗೆ ಓದಲು ಕುಳಿತಾಗ ಆ ಪತ್ರಿಕೆ ಸಿಕ್ಕಿತು. ಅಂದು ತಪ್ಪಿದ್ದ ಲೆಕ್ಕಗಳನ್ನೇ ಮತ್ತೆ ಬಿಡಿಸಲು ಹೊರಟವಳು ಅದೇ ಹೆಜ್ಜೆಯಲ್ಲಿ, ಅದೇ ರೀತಿಯಲ್ಲಿ ಮತ್ತೆ ತಪ್ಪಿದೆ.

ಶಾಲೆಯ ಗುಣಮಟ್ಟ ಹೆಚ್ಚಿಸುವ ಚರ್ಚೆಗಳಲ್ಲಿ ಕಟ್ಟಡ, ಕಂಪ್ಯೂಟರ್, ಇನ್ನಷ್ಟು ಪರೀಕ್ಷೆಗಳ ಮಾತು ಬರುತ್ತದೆ. ಅವುಗಳ ಅಗತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೆಂಚಿನ ಮೇಲೆ ಕುಳಿತು ಕಲಿಯುವ ನನಗೆ ಕಾಣುವ ಕೊರತೆ ಬೇರೆಯದು. ಪರೀಕ್ಷೆ ಮುಗಿದ ಮೇಲೆ ತಪ್ಪು ಉತ್ತರ ಏನಾಗುತ್ತದೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಆ ವಿಚಾರಣೆಯನ್ನು ನಾನು ಮೊದಲು ನನ್ನ ಮಟ್ಟಿಗೆ, ಆಮೇಲೆ ಗೆಳತಿಯರೊಂದಿಗೆ, ಕೊನೆಗೆ ತರಗತಿಯಲ್ಲಿ ಹೇಗೆ ನಡೆಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ನೋಟ್‌ಪುಸ್ತಕವನ್ನು ತಪ್ಪುಗಳಿಗಾಗಿಯೇ ಮೀಸಲಿಟ್ಟೆ. ಎಡಪುಟದಲ್ಲಿ ನಾನು ಬರೆದ ತಪ್ಪು ಹೆಜ್ಜೆಯನ್ನು ಇದ್ದಂತೆಯೇ ನಕಲು ಮಾಡುತ್ತಿದ್ದೆ; ಬಲಪುಟದಲ್ಲಿ, ಆ ಕ್ಷಣದಲ್ಲಿ ನಾನು ಏನು ಯೋಚಿಸಿರಬಹುದು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆಯುತ್ತಿದ್ದೆ. ಸರಿ ಉತ್ತರವನ್ನು ಕೊನೆಯಲ್ಲಿ ಬರೆಯುವುದೆಂಬ ನಿಯಮ ಹಾಕಿಕೊಂಡೆ, ಏಕೆಂದರೆ ಅದನ್ನು ಮೊದಲೇ ನೋಡಿದರೆ ಕಾರಣ ಹುಡುಕುವ ಮನಸ್ಸೇ ಉಳಿಯುತ್ತಿರಲಿಲ್ಲ. ಎರಡು ತಿಂಗಳಲ್ಲಿ 41 ತಪ್ಪುಗಳು ಸೇರಿದವು. ಅವುಗಳಲ್ಲಿ ಹೆಚ್ಚಿನವನ್ನು ನಾನು ಅಜಾಗರೂಕತೆ ಎಂದು ಗುರುತಿಸಿದ್ದೆ. ಒಟ್ಟಿಗೆ ಇಟ್ಟು ನೋಡಿದಾಗ ಆ ಮಾತು ನಿಲ್ಲಲಿಲ್ಲ. 16 ತಪ್ಪುಗಳು ಒಂದೇ ಮೂಲದವು: ಆವರಣದ ಹಿಂದಿನ ಋಣಚಿಹ್ನೆ.

7 − (x − 3) ಎಂಬುದನ್ನು ನಾನು 7 − x − 3 ಎಂದು ಬಿಡಿಸಿ 4 − x ಎಂದು ಬರೆಯುತ್ತಿದ್ದೆ. ಋಣಚಿಹ್ನೆಯು ಆವರಣದ ಮೊದಲ ಪದಕ್ಕೆ ಮಾತ್ರ ಅಂಟಿಕೊಂಡಿದೆ ಎಂಬ ನಂಬಿಕೆ ನನ್ನೊಳಗೆ ಕುಳಿತಿತ್ತು, ಮತ್ತು ಅದು ಅಜಾಗರೂಕತೆಯಾಗಿರಲಿಲ್ಲ, ಕಲಿಕೆಯ ತಪ್ಪಾಗಿತ್ತು. x ಬದಲಿಗೆ 5 ಹಾಕಿ ನೋಡಿದಾಗ ವಿಷಯ ಸ್ಪಷ್ಟವಾಯಿತು: ಮೂಲ ಲೆಕ್ಕದಲ್ಲಿ 7 − 2, ಅಂದರೆ 5 ಬರುತ್ತದೆ, ನನ್ನ ಉತ್ತರದಲ್ಲಿ −1 ಬರುತ್ತದೆ, 10 − x ಎಂದು ಬರೆದರೆ ಮಾತ್ರ 5 ಸಿಗುತ್ತದೆ. ಕಳೆಯಬೇಕಾಗಿರುವುದು ಇಡೀ ಆವರಣವನ್ನು, ಆದ್ದರಿಂದ ಒಳಗಿನ ಪ್ರತಿಯೊಂದು ಪದದ ಚಿಹ್ನೆಯೂ ಬದಲಾಗುತ್ತದೆ ಎಂಬ ನಿಯಮವನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆದರೆ ನನ್ನದೇ ಉತ್ತರ ಸುಳ್ಳಾಗುವುದನ್ನು ನಾನೇ ಕಂಡದ್ದು ಅಂದು ಮೊದಲ ಸಲ. ಅಂದಿನಿಂದ ಒಂದು ಸಂಖ್ಯೆ ಹಾಕಿ ಪರಿಶೀಲಿಸುವುದು ನನಗೆ ಅಭ್ಯಾಸವಾಗಿದೆ.

ಆಮೇಲೆ ನಾವು ನಾಲ್ವರು ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ನಂತರ ಅರ್ಧ ಗಂಟೆ ಕುಳಿತುಕೊಳ್ಳಲು ಆರಂಭಿಸಿದೆವು. ಮೊದಲ ಕೆಲವು ವಾರಗಳು ವ್ಯರ್ಥವಾದವು, ಮತ್ತು ಅದಕ್ಕೆ ಕಾರಣವನ್ನು ಹೇಳಲೇಬೇಕು. ವಿಜ್ಞಾನದಲ್ಲಿ ನನಗೆ ಸ್ವಲ್ಪ ಬೇಗ ಅರ್ಥವಾಗುತ್ತಿದ್ದುದರಿಂದ ನಾನೇ ಎಲ್ಲವನ್ನೂ ವಿವರಿಸುತ್ತಿದ್ದೆ, ಉಳಿದವರು ತಲೆಯಾಡಿಸುತ್ತಿದ್ದರು, ಎಲ್ಲರಿಗೂ ತಿಳಿಯಿತೆಂದು ನಾವೆಲ್ಲರೂ ಸಮಾಧಾನ ಪಡುತ್ತಿದ್ದೆವು. ಒಂದು ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ ಒಬ್ಬಳಿಗೂ ಉತ್ತರ ಹೊಳೆಯಲಿಲ್ಲ. ಕಲಿಕೆಯ ಸಂಶೋಧನೆಗಳ ಬಗ್ಗೆ ಓದತೊಡಗಿದಾಗ ನಮ್ಮ ಅನುಭವದ ಕಾರಣ ಸಿಕ್ಕಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದ್ದವರೇ ಮುಂದಿದ್ದರು. ನಾವು ಐದು ನಿಮಿಷದ ತೃಪ್ತಿಗಾಗಿ ಓದುತ್ತಿದ್ದೆವು.

ಹೀಗಾಗಿ ಕ್ರಮ ಬದಲಿಸಿದೆವು. ಪ್ರತಿಯೊಬ್ಬಳೂ ತಾನು ತಪ್ಪಿದ ಒಂದು ಪ್ರಶ್ನೆಯನ್ನು ತರಬೇಕು, ಉಳಿದವರು ಪುಸ್ತಕ ಮುಚ್ಚಿ ತಮ್ಮ ಉತ್ತರವನ್ನು ಮೊದಲು ಬರೆಯಬೇಕು, ಉತ್ತರ ತಿಳಿದವಳು ಅದನ್ನು ಹೇಳಕೂಡದು, "ಈ ಹೆಜ್ಜೆಯನ್ನು ಯಾಕೆ ಇಟ್ಟೆ?" ಎಂದು ಮಾತ್ರ ಕೇಳಬೇಕು. ಒಮ್ಮೆ ಬಂದ ಪ್ರಶ್ನೆ ಇದು: ಒರಟಾದ ನೆಲದ ಮೇಲೆ ಪೆಟ್ಟಿಗೆಯೊಂದನ್ನು ನೆಲಕ್ಕೆ ಸಮಾಂತರವಾಗಿ 20 ನ್ಯೂಟನ್ ಬಲದಿಂದ ಎಳೆದಾಗ ಅದು ನೇರ ದಾರಿಯಲ್ಲಿ, ಬದಲಾಗದ ವೇಗದಲ್ಲಿ ಚಲಿಸುತ್ತಿದೆ, ಘರ್ಷಣಾ ಬಲ ಎಷ್ಟು? ನಾನೂ ಸೇರಿದಂತೆ ಮೂವರು 20ಕ್ಕಿಂತ ಕಡಿಮೆ ಎಂದು ಬರೆದೆವು, ಇಲ್ಲದಿದ್ದರೆ ಪೆಟ್ಟಿಗೆ ಚಲಿಸುವುದಾದರೂ ಹೇಗೆ ಎಂಬುದು ನಮ್ಮ ವಾದ. ನಾಲ್ಕನೆಯವಳು, ತರಗತಿಯಲ್ಲಿ ಎಂದೂ ಕೈ ಎತ್ತದವಳು, 20 ಎಂದು ಬರೆದಿದ್ದಳು. "ಎಳೆತವೇ ಹೆಚ್ಚಾಗಿದ್ದರೆ ವೇಗ ಹೆಚ್ಚುತ್ತಲೇ ಹೋಗಬೇಕಲ್ಲವೇ?" ಎಂದು ಅವಳು ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನ್ಯೂಟನ್‌ನ ಮೊದಲ ನಿಯಮವನ್ನು, ಅಂದರೆ ವಸ್ತುವಿನ ಮೇಲಿನ ಒಟ್ಟು ಬಲ ಸೊನ್ನೆಯಾದರೆ ಅದರ ವೇಗ ಬದಲಾಗುವುದಿಲ್ಲ ಎಂಬುದನ್ನು, ನಾವು ನಾಲ್ವರೂ ತಪ್ಪಿಲ್ಲದೆ ಹೇಳಬಲ್ಲವರಾಗಿದ್ದೆವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಅವರೂ ತಮ್ಮ ವಿದ್ಯಾರ್ಥಿಗಳಲ್ಲಿ ನಿಯಮವನ್ನು ಹೇಳುವುದಕ್ಕೂ ಅದನ್ನು ಬಳಸುವುದಕ್ಕೂ ನಡುವಿನ ಇದೇ ಬಗೆಯ ಬಿರುಕನ್ನು ಕಂಡು, ಮೊದಲು ಪ್ರತಿಯೊಬ್ಬರೂ ಉತ್ತರಿಸಿ ಆಮೇಲೆ ಪಕ್ಕದವರೊಂದಿಗೆ ಚರ್ಚಿಸುವ ಪದ್ಧತಿಯನ್ನು 1990ರ ದಶಕದಲ್ಲಿ ರೂಪಿಸಿದರೆಂದು ನಂತರ ಓದಿದಾಗ, ನಮ್ಮ ಅರ್ಧ ಗಂಟೆಯ ಮೇಲೆ ನನಗೆ ಗೌರವ ಹೆಚ್ಚಿತು.

ತರಗತಿಯವರೆಗೆ ಇದನ್ನು ಒಯ್ಯಲು ಧೈರ್ಯ ಬೇಕಾಯಿತು. ಗಣಿತ ಶಿಕ್ಷಕಿಯ ಬಳಿ ಹೋಗಿ, "ಮೇಡಂ, ಮುಂದಿನ ಪರೀಕ್ಷೆಯ ಪತ್ರಿಕೆಗಳನ್ನು ಎರಡು ದಿನ ಅಂಕವಿಲ್ಲದೆ ಕೊಡುತ್ತೀರಾ?" ಎಂದು ಕೇಳಿದೆ. 1988ರಲ್ಲಿ ರೂತ್ ಬಟ್ಲರ್ ಪ್ರಕಟಿಸಿದ ಅಧ್ಯಯನದ ವಿಷಯವನ್ನೂ ಹೇಳಿದೆ: ಬರಿಯ ಸಲಹೆ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು; ಸಲಹೆಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಶಿಕ್ಷಕಿ ಗಮನವಿಟ್ಟು ಕೇಳಿದರು. ಆದರೆ 48 ಪತ್ರಿಕೆಗಳಲ್ಲಿ ಪ್ರತಿಯೊಂದಕ್ಕೂ ಸಲಹೆ ಬರೆಯಲು ತಮಗೆ ಎಷ್ಟು ರಾತ್ರಿಗಳು ಬೇಕಾಗುತ್ತವೆ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಶಿಕ್ಷಕರ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸುಧಾರಣೆಯೂ ಒಂದು ತಿಂಗಳಿಗಿಂತ ಹೆಚ್ಚು ನಡೆಯಲಾರದು ಎಂಬುದು ನನಗೆ ತಿಳಿದದ್ದು ಆಗಲೇ.

ದಾರಿ ಕಂಡುಕೊಂಡವರು ಅವರೇ. ತಪ್ಪಿದ ಸಾಲಿನ ಪಕ್ಕದಲ್ಲಿ ಕೇವಲ ಒಂದು ಚುಕ್ಕೆ ಇಟ್ಟು ಪತ್ರಿಕೆಗಳನ್ನು ಮರಳಿಸಿದರು. ಏನು ತಪ್ಪಿದೆ ಎಂಬುದನ್ನು ಇಬ್ಬಿಬ್ಬರು ಕುಳಿತು ಕಂಡುಹಿಡಿದು ಹೊಸದಾಗಿ ಬರೆಯುವುದು ನಮ್ಮ ಕೆಲಸವಾಯಿತು. ಅಂಕಗಳನ್ನು ಮೂರನೆಯ ದಿನ ಓದಿ ಹೇಳಿದರು. ಅವರ ಸಮಯವೂ ಉಳಿಯಿತು. ಚೆನ್ನಾಗಿ ಅಂಕ ಪಡೆಯುವ ಕೆಲವರು ಮೊದಲ ದಿನ ಅಸಮಾಧಾನಗೊಂಡರು, ಆದರೆ ಆ ಅವಧಿಯಲ್ಲಿ ತರಗತಿಯ ತುಂಬ ಕೇಳಿಬಂದ ಮಾತು ಲೆಕ್ಕದ ಬಗ್ಗೆಯೇ ಇತ್ತು. ಅದೇ ಸಮಯದಲ್ಲಿ ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯುವ ಕ್ರಮವನ್ನೂ ಅವರು ರೂಢಿಸಿಕೊಂಡರು. ಶಿಕ್ಷಕರು ಉತ್ತರಕ್ಕಾಗಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಅದು ಮೂರು ಸೆಕೆಂಡಾದರೆ ಹೆಚ್ಚು ಮಕ್ಕಳು ಮಾತನಾಡುತ್ತಾರೆಂದೂ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಮ್ಮ ನಾಲ್ಕನೆಯ ಗೆಳತಿ ತರಗತಿಯಲ್ಲಿ ಮೊದಲ ಬಾರಿ ಕೈ ಎತ್ತಿದ್ದು ಅಂತಹ ಒಂದು ಮೌನದ ಕೊನೆಯಲ್ಲಿ.

ವರ್ಷದ ಕೊನೆಗೆ ನಾವು ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಮನವಿ ಕೊಟ್ಟೆವು. ಪ್ರತಿಯೊಂದು ಕಿರುಪರೀಕ್ಷೆಯ ನಂತರ ತಪ್ಪುಗಳನ್ನು ತಿದ್ದಲು ಒಂದು ಪೂರ್ಣ ಅವಧಿ ಮೀಸಲಿಡಬೇಕು, ಆ ಸಮಯವನ್ನು ಹೊಂದಿಸಲು ಒಂದು ಪರೀಕ್ಷೆಯನ್ನು ಕಡಿಮೆ ಮಾಡಬೇಕು ಎಂಬುದು ನಮ್ಮ ಕೋರಿಕೆ. ಮೊದಲನೆಯದು ಗಣಿತ ಮತ್ತು ವಿಜ್ಞಾನಕ್ಕೆ ಒಪ್ಪಿಗೆಯಾಯಿತು, ಎರಡನೆಯದು ಆಗಲಿಲ್ಲ. ಪರೀಕ್ಷೆಗಳ ಸಂಖ್ಯೆ ಇಳಿದರೆ ಮಟ್ಟವೂ ಇಳಿಯುತ್ತದೆ ಎಂಬ ಭಯವನ್ನು ನಾನು ಒಪ್ಪುವುದಿಲ್ಲ, ಅದನ್ನು ಇನ್ನೊಮ್ಮೆ ಕೇಳುವವಳಿದ್ದೇನೆ.

ಈಗ ನಮಗೆ ಎದುರಾಗಿರುವ ಕಷ್ಟ ಭಾಷಾ ವಿಷಯಗಳದು. ಪ್ರಬಂಧವೊಂದರಲ್ಲಿ ತಪ್ಪು ಯಾವ ಸಾಲಿನಲ್ಲಿದೆ ಎಂದು ಚುಕ್ಕೆಯಿಟ್ಟು ತೋರಿಸಲಾಗುವುದಿಲ್ಲ. ಕಾಗುಣಿತವನ್ನು ತಿದ್ದಬಹುದು, ವಿಚಾರ ನಡುವೆ ಕಡಿದುಹೋದದ್ದನ್ನು ಹೇಗೆ ತೋರಿಸುವುದು? ಸದ್ಯಕ್ಕೆ ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಗಟ್ಟಿಯಾಗಿ ಓದುತ್ತಾಳೆ, ಬರೆದವಳು ಪೆನ್ಸಿಲ್ ಹಿಡಿದು ಕೇಳಿಸಿಕೊಳ್ಳುತ್ತಾಳೆ. ಓದುವವಳು ತಡವರಿಸಿದ ಕಡೆ ಒಂದು ಗುರುತು ಹಾಕಿ, ಆ ವಾಕ್ಯವನ್ನು ಮನೆಗೆ ಒಯ್ದು ಹೊಸದಾಗಿ ಬರೆಯುತ್ತಿದ್ದೇವೆ.